ಗಟ್ಟಿಮೇಳ ಎಂದರೆ ಸಾಕು

ಈಗಿನ ಮನೆಗಳಲ್ಲಿ ಟೀಪಾಯಿಯ ಮೇಲೆ ದಿನಪತ್ರಿಕೆ ಇಡಲು ಜಾಗ ಹುಡುಕಬೇಕು. ಎಲ್ಲಿ ನೋಡಿದರೂ ರಿಮೋಟುಗಳು. ಟೀವಿಗೊಂದು, ಅದರ ಸೆಟ್‌ಟಾಪ್ ಬಾಕ್ಸಿಗೊಂದು, ಏಸಿಗೊಂದು, ಈಚೆಗೆ ಮನೆಮನೆಗೂ ಬರುತ್ತಿರುವ ಬಿಎಲ್‌ಡಿಸಿ ಫ್ಯಾನಿಗೊಂದು. ಮೇಲ್ನೋಟಕ್ಕೆ ಹೆಚ್ಚಿನವು ಒಂದೇ ಜಾತಿಯವು. ಗುಂಡಿ ಒತ್ತಿದರೆ ತುದಿಯ ಪುಟ್ಟ ಬಲ್ಬು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಣುಕಿಸುತ್ತದೆ, ಎದುರಿನ ಯಂತ್ರ ಆ ಮಿಣುಕನ್ನು ಓದಿಕೊಳ್ಳುತ್ತದೆ. ಆದರೆ ಹತ್ತಿರದಿಂದ ಗಮನಿಸಿದರೆ ಟೀವಿ ರಿಮೋಟಿಗೂ ಏಸಿ ರಿಮೋಟಿಗೂ ಸ್ವಭಾವದಲ್ಲೇ ದೊಡ್ಡ ಅಂತರವಿದೆ.

ಟೀವಿ ರಿಮೋಟಿನ ಪವರ್ ಗುಂಡಿ ಹೇಳುವುದು ಇಷ್ಟೇ: ಈಗ ಹೇಗಿದ್ದೀಯೋ ಅದನ್ನು ಬದಲಿಸು. ಆನ್ ಇದ್ದರೆ ಆಫ್ ಆಗು, ಆಫ್ ಇದ್ದರೆ ಆನ್ ಆಗು. ಏಸಿ ರಿಮೋಟು ಹಾಗಲ್ಲ. ನೀವು ಒಂದು ಡಿಗ್ರಿ ಏರಿಸಿದರೂ ಅದು ಸಾಮಾನ್ಯವಾಗಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಹೇಳುತ್ತದೆ. ಆನ್ ಆಗಿರು, ತಂಪು ಮಾಡು, 24 ಡಿಗ್ರಿ, ಗಾಳಿ ಮಧ್ಯಮ ವೇಗ, ರೆಕ್ಕೆ ಆಡುತ್ತಿರಲಿ. ಈ ಮಾತನ್ನು ಎರಡು ಸಲ ಹೇಳಿದರೂ ಏಸಿ ಅದೇ ಸ್ಥಿತಿಯಲ್ಲಿರುತ್ತದೆ. ಟೀವಿಗೆ ಎರಡು ಸಲ ಹೇಳಿದರೆ ಹೊತ್ತಿದ್ದು ಆರಿಹೋಗುತ್ತದೆ. ಇದು ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಬೇರೆ ಬೇರೆ ಕಂಪನಿಯ ಯಂತ್ರಗಳನ್ನು ಒಂದು ಮನೆಯಲ್ಲಿ ಕೂಡಿ ಬಾಳುವಂತೆ ಮಾಡುವ ಸಾಫ್ಟ್‌ವೇರ್ ವಿನ್ಯಾಸದ ಅರ್ಧ ವಿವೇಕ ಈ ವ್ಯತ್ಯಾಸದಲ್ಲಿದೆ.

ಇನ್ನರ್ಧ ವಿವೇಕ ಈ ಎರಡೂ ರಿಮೋಟುಗಳಿಗೆ ಇಲ್ಲದ ಒಂದು ಗುಣದಲ್ಲಿದೆ, ಅದು ಮರುಮಾತು. ಏಸಿಯ ರಿಮೋಟನ್ನು ಪಕ್ಕದ ಕೋಣೆಗೆ ಒಯ್ದು ಒತ್ತಿ ನೋಡಿ. ಅದರ ಪರದೆಯಲ್ಲಿ ಏಸಿ ಓಡುತ್ತಿದೆ ಎಂದೇ ಇರುತ್ತದೆ. ಹೇಳಿದ್ದು ಕೇಳಿಸಿತೇ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ‘ನಾನು ಹೇಳಿದ್ದು’ ಬೇರೆ, ‘ಅಲ್ಲಿ ಆಗಿದ್ದು’ ಬೇರೆ. ಒಳ್ಳೆಯ ವ್ಯವಸ್ಥೆ ಎರಡನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ, ಎರಡರ ನಡುವೆ ಅಂತರ ಕಂಡರೆ ಅದನ್ನು ತುಂಬಲು ಮತ್ತೆ ಪ್ರಯತ್ನಿಸುತ್ತದೆ.

ರಿಮೋಟುಗಳ ಕಾಲ ಮುಗಿಯುವ ಮೊದಲೇ ಆ್ಯಪ್‌ಗಳ ಕಾಲ ಬಂತು. ಬಲ್ಬು ಕೊಂಡರೆ ಒಂದು ಆ್ಯಪ್, ಪ್ಲಗ್ ಕೊಂಡರೆ ಇನ್ನೊಂದು, ಬಾಗಿಲ ಕ್ಯಾಮೆರಾಕ್ಕೆ ಮತ್ತೊಂದು, ಗೀಸರಿಗೆ ಮಗದೊಂದು. ಒಂದೊಂದಕ್ಕೂ ಖಾತೆ, ಪಾಸ್‌ವರ್ಡ್, ಒಟಿಪಿ. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ಕ್ಯಾಮೆರಾಕ್ಕೆ ಗೊತ್ತಿದೆ. ಅದರ ಪಕ್ಕದಲ್ಲೇ, ಎರಡಡಿ ದೂರದಲ್ಲಿರುವ ಜಗಲಿಯ ದೀಪಕ್ಕೆ ಆ ಸುದ್ದಿ ತಲುಪುವುದಿಲ್ಲ, ಏಕೆಂದರೆ ಎರಡನ್ನೂ ಮಾಡಿದವರು ಬೇರೆ ಬೇರೆ ಕಂಪನಿಯವರು. ಹೇಗೋ ತಲುಪಿಸಿದರೂ ಆ ಸುದ್ದಿ ಕ್ಯಾಮೆರಾದಿಂದ ಹೊರಟು ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಇನ್ನೊಂದು ಕಂಪನಿಯ ಸರ್ವರಿಗೆ ದಾಟಿ, ಮತ್ತೆ ನಮ್ಮ ಮನೆಗೇ ಬಂದು ದೀಪ ಹೊತ್ತಿಸಬೇಕು. ನಡುವೆ ಇಂಟರ್ನೆಟ್ ಹೋದರೆ ಜಗಲಿ ಕತ್ತಲು.

ಯಂತ್ರಗಳನ್ನು ಕೂಡಿಸುವ ಆಸೆ ಹೊಸತಲ್ಲ. 1975ರಲ್ಲಿ ಸ್ಕಾಟ್‌ಲೆಂಡಿನ ಗ್ಲೆನ್‌ರಾಥಿಸ್ ಊರಿನ ಪಿಕೊ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಎಕ್ಸ್10 ಎಂಬ ಪದ್ಧತಿ ಕಟ್ಟಿತು. ಅದಕ್ಕೆ ಹೊಸ ತಂತಿ ಬೇಕಿರಲಿಲ್ಲ, ಗೋಡೆಯೊಳಗಿನ ಕರೆಂಟಿನ ತಂತಿಯಲ್ಲೇ ಸಂದೇಶ ಓಡಾಡುತ್ತಿತ್ತು. ಎಸಿ ವಿದ್ಯುತ್ತಿನ ಅಲೆ ಏರಿಳಿಯುವಾಗ ಸೊನ್ನೆಯನ್ನು ದಾಟುವ ಕ್ಷಣವಿದೆಯಲ್ಲ, ಆ ಶಾಂತ ಗಳಿಗೆಯಲ್ಲಿ 120 ಕಿಲೊಹರ್ಟ್ಸಿನ ಒಂದು ಪುಟ್ಟ ಕಂಪನವನ್ನು ಕಳಿಸುವುದು, ಕಂಪನ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಮನೆಗೆ 16 ಅಕ್ಷರಗಳಲ್ಲಿ ಒಂದು, ಸಾಧನಕ್ಕೆ 16 ಅಂಕಿಗಳಲ್ಲಿ ಒಂದು, ಒಟ್ಟು 256 ವಿಳಾಸ. ಆ ಕಾಲಕ್ಕೆ ಎಂಥ ಚೆಂದದ ಯೋಚನೆ! ಆದರೆ ಅದಕ್ಕೂ ರಿಮೋಟಿನ ಕೊರತೆಯೇ ಇತ್ತು. ಮೊದಲ ಸಾಧನಗಳಲ್ಲಿ ಮರುಮಾತು ಇರಲಿಲ್ಲ, ಜೊತೆಗೆ ಬೀಗ ಎಂಬುದೂ ಇರಲಿಲ್ಲ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಎರಡು ಮನೆಯವರು ಒಂದೇ ಅಕ್ಷರ ಆರಿಸಿಕೊಂಡಿದ್ದರೆ ಒಬ್ಬರು ಒತ್ತಿದಾಗ ಇನ್ನೊಬ್ಬರ ದೀಪ ಹೊತ್ತಿಕೊಳ್ಳುವ ಸಾಧ್ಯತೆ ಇತ್ತು.

ಆಮೇಲೆ ಬಂದವರೆಲ್ಲ ಎಲ್ಲರನ್ನೂ ಒಂದೇ ಚಪ್ಪರದಡಿ ತರುತ್ತೇವೆಂದೇ ಹೊರಟರು. 1999ರ ಆಸುಪಾಸಿನಲ್ಲಿ ಸನ್ ಕಂಪನಿಯ ಜಿನಿ, ಮೈಕ್ರೋಸಾಫ್ಟ್ ಮುಂದೆ ನಿಂತ ಯುಪಿಎನ್‌ಪಿ. 2013ರಲ್ಲಿ ಕ್ವಾಲ್‌ಕಾಮ್‌ನ ಆಲ್‌ಜಾಯಿನ್ ಸುತ್ತ ಒಂದು ಕೂಟ, ಮರುವರ್ಷ ಇಂಟೆಲ್, ಸ್ಯಾಮ್‌ಸಂಗ್ ಸೇರಿ ಇನ್ನೊಂದು ಕೂಟ, 2016ರಲ್ಲಿ ಆ ಎರಡೂ ಒಂದಾಗಿದ್ದು. ಒಬ್ಬೊಬ್ಬರದೂ ಒಂದೊಂದು ಭಾಷೆ. ಇಲ್ಲಿ ಒಂದು ಸರಳ ಲೆಕ್ಕ ಹಾಕಬೇಕು. ಹತ್ತು ಬಗೆಯ ಸಾಧನ, ಹತ್ತು ಬಗೆಯ ಆ್ಯಪ್ ಇದ್ದು ಪ್ರತಿ ಜೋಡಿಗೂ ಒಬ್ಬ ದುಭಾಷಿ ಬೇಕೆಂದರೆ ನೂರು ದುಭಾಷಿಗಳು ಬೇಕು. ಎಲ್ಲರೂ ಒಂದು ಸಾಮಾನ್ಯ ಭಾಷೆ ಕಲಿತರೆ ಇಪ್ಪತ್ತು ಪಾಠಗಳಲ್ಲಿ ಕೆಲಸ ಮುಗಿಯಿತು. ಹನ್ನೊಂದನೆಯ ಸಾಧನ ಬಂದರೆ ಮೊದಲ ಲೆಕ್ಕದಲ್ಲಿ ಹತ್ತು ಕೆಲಸ ಹೆಚ್ಚುತ್ತದೆ, ಎರಡನೆಯದರಲ್ಲಿ ಒಂದೇ ಒಂದು. ಒಪ್ಪಂದ ಏಕೆ ಬೇಕೆಂದು ಕೇಳುವವರಿಗೆ ಈ ಲೆಕ್ಕ ಸಾಕು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ ಮನೆಯಲ್ಲಿ ಶುರುವಾಗಲಿಲ್ಲ, ತೈಲದ ಕೊಳವೆಗಳ ಬಳಿ ಶುರುವಾಯಿತು. 1999ರಲ್ಲಿ ಅಮೆರಿಕದಲ್ಲಿ ದೂರ ದೂರಕ್ಕೆ ಹಬ್ಬಿದ್ದ ಕೊಳವೆ ಮಾರ್ಗಗಳ ಮೇಲೆ ಕಣ್ಣಿಡಬೇಕಾಗಿತ್ತು. ಮಾಹಿತಿ ಬರಬೇಕಾದದ್ದು ಉಪಗ್ರಹದ ಮೂಲಕ. ಆ ದಾರಿ ಕಿರಿದು, ದುಬಾರಿ, ನಡುನಡುವೆ ಕಡಿದುಹೋಗುವಂಥದ್ದು. ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯಲ್ಲಿದ್ದ ಆರ್ಲೆನ್ ನಿಪ್ಪರ್ ಸೇರಿ ಇದಕ್ಕೆಂದೇ ಒಂದು ಮಿತಭಾಷಿ ಪದ್ಧತಿ ಕಟ್ಟಿದರು. ಅದರ ಹೆಸರು ಎಂಕ್ಯೂಟಿಟಿ. ಅದರಲ್ಲಿ ಅತಿ ಚಿಕ್ಕ ಸಂದೇಶ ಎರಡೇ ಬೈಟ್. 2014ರಲ್ಲಿ ಅದು ಎಲ್ಲರಿಗೂ ತೆರೆದ ಮಾನಕವಾಯಿತು. ಇವತ್ತು ಹವ್ಯಾಸಿ ಹುಡುಗರು ಮನೆಯಲ್ಲಿ ಮಾಡುವ ಪುಟ್ಟ ಸೆನ್ಸರಿನಿಂದ ಹಿಡಿದು ಕಾರ್ಖಾನೆಯ ಯಂತ್ರಗಳವರೆಗೆ ಅದರ ಬಳಕೆ ಇದೆ.

ಅದರ ಒಳಗುಟ್ಟು ತಿಳಿಯಬೇಕಾದರೆ ನಮ್ಮ ಕಡೆಯ ಮದುವೆಮನೆಗೆ ಹೋಗಬೇಕು. ಮುಹೂರ್ತದ ಗಳಿಗೆ ಬಂದಾಗ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ. ವಾಲಗದವರು ಒಮ್ಮೆಲೇ ಏರುಧ್ವನಿಗೆ ಹೋಗುತ್ತಾರೆ. ನೆಂಟರು ಅಕ್ಷತೆ ಎರಚುತ್ತಾರೆ. ಫೋಟೊದವನು ಮಾಂಗಲ್ಯದತ್ತ ಕ್ಯಾಮೆರಾ ತಿರುಗಿಸುತ್ತಾನೆ. ಹಿಂದುಗಡೆ ಊಟದ ಮನೆಯಲ್ಲಿ ಎಲೆ ಹಾಕಲು ಹೊರಡುತ್ತಾರೆ. ಪುರೋಹಿತರು ಯಾರನ್ನೂ ಹೆಸರು ಹಿಡಿದು ಕರೆದಿಲ್ಲ. ವಾಲಗದವರು ಇಬ್ಬರೋ ನಾಲ್ವರೋ ಅವರಿಗೆ ತಿಳಿಯಬೇಕಾಗಿಲ್ಲ. ಹೊಸದಾಗಿ ಡ್ರೋನಿನವನೊಬ್ಬ ಬಂದು ಸೇರಿಕೊಂಡರೆ ಮಂತ್ರ ಬದಲಾಗಬೇಕಾಗಿಲ್ಲ, ಅವನೂ ಕಿವಿಗೊಟ್ಟಿದ್ದರೆ ಸಾಕು. ಹೇಳುವವನು ಹೇಳಬೇಕಾದದ್ದನ್ನು ಒಮ್ಮೆ ಹೇಳುತ್ತಾನೆ, ಬೇಕಾದವರು ಕೇಳಿಕೊಂಡು ತಂತಮ್ಮ ಕೆಲಸ ಮಾಡುತ್ತಾರೆ.

ಎಂಕ್ಯೂಟಿಟಿಯದು ಇದೇ ಕ್ರಮ. ನಡುವೆ ಬ್ರೋಕರ್ ಎಂಬ ಒಂದು ಸಾಫ್ಟ್‌ವೇರ್ ಕೂತಿರುತ್ತದೆ. ಮಹಡಿಯ ಟ್ಯಾಂಕಿನ ಸೆನ್ಸರು ‘ಮನೆ/ಮಹಡಿ/ಟ್ಯಾಂಕ್/ಮಟ್ಟ’ ಎಂಬ ವಿಷಯದ ಹೆಸರಿನಲ್ಲಿ ‘20’ ಎಂದು ಸಾರುತ್ತದೆ. ಟ್ಯಾಂಕಿನ ಮಟ್ಟ ನೂರರಲ್ಲಿ ಇಪ್ಪತ್ತಕ್ಕೆ ಇಳಿದಿದೆ ಎಂದು ಅರ್ಥ. ಸಂಪಿನ ಮೋಟರಿನ ಪೆಟ್ಟಿಗೆ ಈ ವಿಷಯಕ್ಕೆ ಕಿವಿಗೊಟ್ಟಿದೆ, ಅದು ಮೋಟರು ಹಾಕುತ್ತದೆ. ಮನೆಯವರ ಫೋನೂ ಕಿವಿಗೊಟ್ಟಿದೆ, ಅಲ್ಲಿ ಅಂಕಿ ಬದಲಾಗುತ್ತದೆ. ನಾಳೆ ಅಡುಗೆಮನೆಯಲ್ಲಿ ಅಜ್ಜಿಗೆ ಕೇಳುವಂತೆ ಒಂದು ಬಜರ್ ಹಾಕಬೇಕೆನಿಸಿದರೆ ಸೆನ್ಸರಿನ ತಂಟೆಗೆ ಹೋಗಬೇಕಾಗಿಲ್ಲ, ಮೋಟರಿನ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಹಳೆಯದನ್ನು ಮುಟ್ಟದೆ ಹೊಸದನ್ನು ಸೇರಿಸುವ ಈ ಸ್ವಾತಂತ್ರ್ಯ ತುಂಬ ದೊಡ್ಡದು. ಮನೆ ಒಂದೇ ದಿನದಲ್ಲಿ ತುಂಬುವುದಿಲ್ಲ. ಇವತ್ತು ಬಲ್ಬು, ಬರುವ ವರ್ಷ ಬೋನಸ್ ಬಂದಾಗ ಗೀಸರು, ಮಗಳು ಕೆಲಸಕ್ಕೆ ಸೇರಿದ ಮೇಲೆ ಏಸಿ. ಒಂದೊಂದು ಬಂದಾಗಲೂ ಹಿಂದಿನದೆಲ್ಲ ಅಲುಗಾಡುವಂತಿದ್ದರೆ ಬಾಳುವುದು ಕಷ್ಟ.

ಮದುವೆಮನೆಯಲ್ಲಿ ಇಲ್ಲದ ಎರಡು ಸೌಕರ್ಯ ಇದರಲ್ಲಿವೆ. ತಡವಾಗಿ ಬಂದ ನೆಂಟನಿಗೆ ಗಟ್ಟಿಮೇಳ ಕೇಳಿಸುವುದಿಲ್ಲ, ಆದ ಮಾತು ಆಯಿತು. ಇಲ್ಲಿ ಬ್ರೋಕರಿಗೆ ‘ಕಡೆಯ ಮಾತನ್ನು ಉಳಿಸಿಕೊಂಡಿರು’ ಎಂದು ಹೇಳಿಡಬಹುದು. ಫೋನನ್ನು ಮಧ್ಯಾಹ್ನ ಆನ್ ಮಾಡಿದರೂ ಬೆಳಿಗ್ಗೆ ಸಾರಿದ ಟ್ಯಾಂಕಿನ ಮಟ್ಟ ಕೂಡಲೇ ಕಾಣುತ್ತದೆ. ಎರಡನೆಯದು ಇನ್ನೂ ಅರ್ಥಪೂರ್ಣ. ಸಾಧನವೊಂದು ಬ್ರೋಕರನ್ನು ಸೇರುವಾಗಲೇ ಒಂದು ಉಯಿಲು ಬರೆದಿಡಬಹುದು: ಹೇಳದೆ ಕೇಳದೆ ನನ್ನ ಸಂಪರ್ಕ ತಪ್ಪಿದರೆ ನನ್ನ ಪರವಾಗಿ ಈ ಸುದ್ದಿಯನ್ನು ಎಲ್ಲರಿಗೂ ತಿಳಿಸು. ಟ್ಯಾಂಕಿನ ಸೆನ್ಸರಿನ ಬ್ಯಾಟರಿ ಸತ್ತರೆ ಬ್ರೋಕರು ಆ ಸುದ್ದಿ ಸಾರುತ್ತದೆ, ಮೋಟರಿನ ಪೆಟ್ಟಿಗೆ ಅದನ್ನು ಕೇಳಿ ಮೋಟರು ನಿಲ್ಲಿಸುತ್ತದೆ. ಈ ಏರ್ಪಾಡಿಲ್ಲದ ಮನೆಯಲ್ಲಿ ಸೆನ್ಸರಿನ ಮೌನವನ್ನು ಮೋಟರು ‘ಟ್ಯಾಂಕು ಇನ್ನೂ ತುಂಬಿಲ್ಲ’ ಎಂದು ತಿಳಿದುಕೊಂಡರೆ ನೀರು ಮಹಡಿಯಿಂದ ಬೀದಿಗೆ ಹರಿಯುತ್ತದೆ. ಮೌನವನ್ನು ಕ್ಷೇಮವೆಂದು ತಿಳಿಯಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು.

ಈಗ ಟೀವಿ ರಿಮೋಟಿನ ಮಾತಿಗೆ ಮರಳುತ್ತೇನೆ. ಸಂದೇಶ ತಲುಪಲೇಬೇಕು ಎಂದಾಗ ಎಂಕ್ಯೂಟಿಟಿಯಲ್ಲಿ ಒಂದು ದರ್ಜೆಯಿದೆ. ಮುಟ್ಟಿತೆಂಬ ಮರುಮಾತು ಬರದಿದ್ದರೆ ಅದೇ ಸಂದೇಶವನ್ನು ಮತ್ತೆ ಕಳಿಸುತ್ತಾರೆ. ಹಾಗಾಗಿ ಒಂದೇ ಆದೇಶ ಎರಡು ಸಲ ತಲುಪಬಹುದು. ‘ಬದಲಾಗು’ ಎಂಬ ಆದೇಶ ಎರಡು ಸಲ ತಲುಪಿದರೆ ಮೋಟರು ಆನ್ ಆಗಿ ಮತ್ತೆ ಆಫ್ ಆಗುತ್ತದೆ. ‘ಆನ್ ಆಗಿರು’ ಎಂಬ ಆದೇಶ ಹತ್ತು ಸಲ ತಲುಪಿದರೂ ಮೋಟರು ಆನ್ ಆಗಿಯೇ ಇರುತ್ತದೆ. ತಪ್ಪು ಆಗದಂತೆ ನೋಡಿಕೊಳ್ಳುವುದು ಜಾಣತನ. ತಪ್ಪು ಆದರೂ ಕೆಡುಕಾಗದಂತೆ ಮಾತನ್ನು ರೂಪಿಸುವುದು ಅದಕ್ಕಿಂತ ದೊಡ್ಡ ಜಾಣತನ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಬ್ರೋಕರು ಸುದ್ದಿಯನ್ನು ಸಾಗಿಸುತ್ತದೆ, ಆದರೆ ಸುದ್ದಿಯ ಅರ್ಥ ಅದಕ್ಕೆ ಬೇಕಿಲ್ಲ. ಒಂದು ಕಂಪನಿಯ ಸೆನ್ಸರು ‘80’ ಎಂದರೆ ಫ್ಯಾರನ್‌ಹೀಟ್, ಇನ್ನೊಂದರದು ‘27’ ಎಂದರೆ ಸೆಲ್ಸಿಯಸ್. ಒಂದು ದೀಪಕ್ಕೆ ಪೂರ್ಣ ಬೆಳಕು ನೂರು, ಇನ್ನೊಂದಕ್ಕೆ 255. ಕೇಳಿಸಿಕೊಂಡ ಮಾತ್ರಕ್ಕೆ ತಿಳಿದಂತಾಗುವುದಿಲ್ಲ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ಹಾಳಾದದ್ದು ಇಂಥದೇ ಕಾರಣಕ್ಕೆ. ಒಂದು ಕಡೆಯ ಸಾಫ್ಟ್‌ವೇರ್ ಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತು, ಇನ್ನೊಂದು ಕಡೆಯದು ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ಅಂಕಿಗಳು ಸರಿಯಾಗಿಯೇ ತಲುಪಿದ್ದವು, ಅಳತೆಯ ಒಪ್ಪಂದ ತಪ್ಪಿತ್ತು.

ಆ ಒಪ್ಪಂದವನ್ನು ಮನೆಯ ಸಾಧನಗಳಿಗೆ ಬರೆದುಕೊಡಲು ನಡೆದಿರುವ ಈಚಿನ ದೊಡ್ಡ ಪ್ರಯತ್ನದ ಹೆಸರು ಮ್ಯಾಟರ್. 2019ರ ಡಿಸೆಂಬರಿನಲ್ಲಿ ಅಮೆಜಾನ್, ಆ್ಯಪಲ್, ಗೂಗಲ್ ಈ ಮೂವರೂ ಜಿಗ್‌ಬೀ ಅಲಯನ್ಸ್ ಎಂಬ ಹಳೆಯ ಕೂಟದೊಡನೆ ಕೂತು ಒಂದೇ ಭಾಷೆ ಬರೆಯುತ್ತೇವೆ ಎಂದರು. ಮಾರುಕಟ್ಟೆಯಲ್ಲಿ ಎದುರುಬದುರು ನಿಲ್ಲುವವರು ಹೀಗೆ ಕೂಡಿದ್ದು ಸಣ್ಣ ಮಾತಲ್ಲ. 2021ರಲ್ಲಿ ಆ ಕೂಟ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲಯನ್ಸ್ ಎಂದು ಹೆಸರು ಬದಲಿಸಿಕೊಂಡಿತು. 2022ರ ಅಕ್ಟೋಬರಿನಲ್ಲಿ ಮ್ಯಾಟರಿನ ಮೊದಲ ಆವೃತ್ತಿ ಹೊರಬಂತು. ಮೊದಲಿಗೆ ದೀಪ, ಪ್ಲಗ್, ಬೀಗಗಳಂಥವು ಇದ್ದವು. ಮರುವರ್ಷ ಫ್ರಿಜ್ಜು, ವಾಷಿಂಗ್ ಮಶೀನು, ಏಸಿ, ಫ್ಯಾನುಗಳೂ ಸೇರಿದವು.

ಮ್ಯಾಟರಿನ ಒಳಗೆ ನನಗೆ ಹಿಡಿಸಿದ್ದು ಅದರ ಅಚ್ಚುಕಟ್ಟು. ಪ್ರತಿ ಸಾಧನವನ್ನೂ ಅದರ ಗುಣಗಳಾಗಿ ಬಿಡಿಸಿ ಒಂದೊಂದು ಗುಣಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಹೊತ್ತುವ ಆರುವ ಗುಣದ ಸಂಖ್ಯೆ 6, ಹೆಚ್ಚು ಕಡಿಮೆಯಾಗುವ ಗುಣದ್ದು 8. ದೀಪವಾಗಲಿ ಪ್ಲಗ್ಗಾಗಲಿ, ಆನ್ ಆಫ್ ಎಂಬ ಗುಣವಿದ್ದರೆ ಅದು 6ನೆಯ ಪಾಠದಂತೆಯೇ ನಡೆಯಬೇಕು. ತಾಪ ಅಳೆಯುವ ಸೆನ್ಸರು ಯಾವ ದೇಶದಲ್ಲಿ ತಯಾರಾದರೂ ಸೆಲ್ಸಿಯಸ್ ಡಿಗ್ರಿಯ ನೂರನೇ ಒಂದು ಭಾಗದ ಲೆಕ್ಕದಲ್ಲೇ ಹೇಳಬೇಕು. ಇಪ್ಪತ್ತೇಳೂವರೆ ಡಿಗ್ರಿ ಎಂದರೆ 2750. ಮಂಗಳನ ಬಳಿ ತಪ್ಪಿದ ಒಪ್ಪಂದ ಇಲ್ಲಿ ಮೊದಲೇ ಬರಹದಲ್ಲಿದೆ.

ಇನ್ನೊಂದು ಒಳ್ಳೆಯ ಗುಣ, ಒಂದೇ ಸಾಧನ ಹಲವು ಯಜಮಾನರ ಮಾತು ಕೇಳಬಲ್ಲದು. ಕನಿಷ್ಠ ಐದು ಬೇರೆ ಬೇರೆ ವ್ಯವಸ್ಥೆಗಳಿಗೆ ಅದು ಏಕಕಾಲಕ್ಕೆ ಸೇರಿರಲು ಅವಕಾಶ ಇರಲೇಬೇಕೆಂದು ನಿಯಮವಿದೆ. ಅಮ್ಮನ ಕೈಲಿ ಆಂಡ್ರಾಯ್ಡ್ ಫೋನು, ರಜೆಗೆ ಬಂದ ಮಗನ ಕೈಲಿ ಐಫೋನು. ಇಬ್ಬರೂ ಅದೇ ದೀಪವನ್ನು ತಂತಮ್ಮ ಆ್ಯಪಿನಿಂದ ಹೊತ್ತಿಸಬಹುದು. ಮನೆಗೆ ಯಾವ ಫೋನು ಕೊಳ್ಳಬೇಕು ಎಂಬುದನ್ನು ಬಲ್ಬು ತೀರ್ಮಾನಿಸಬಾರದಷ್ಟೆ. ಸೇರಿಸುವುದಕ್ಕೆ ಪೆಟ್ಟಿಗೆಯ ಮೇಲೆ ಹನ್ನೊಂದು ಅಂಕಿಗಳ ಕೋಡೋ ಕ್ಯೂಆರ್ ಚೌಕವೋ ಇರುತ್ತದೆ. ಸಾಧನ ತಾನು ಅಸಲಿ ಎಂಬುದಕ್ಕೆ ಒಂದು ಪ್ರಮಾಣಪತ್ರವನ್ನೂ ಒಳಗಿಟ್ಟುಕೊಂಡಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮಾತುಕತೆ ಮನೆಯ ಒಳಗಿನ ನೆಟ್‌ವರ್ಕಿನಲ್ಲೇ ನಡೆಯುವಂತೆ ಅದನ್ನು ಕಟ್ಟಿದ್ದಾರೆ. ಇಂಟರ್ನೆಟ್ ಹೋದ ದಿನವೂ ಸ್ವಿಚ್ಚಿನ ಮಾತು ದೀಪಕ್ಕೆ ಕೇಳಿಸುತ್ತದೆ.

ಮಾನಕ ಬರೆಯುವವರು ಎಷ್ಟು ಸಣ್ಣದನ್ನು ಯೋಚಿಸಬೇಕು ಎಂಬುದಕ್ಕೆ ನಮ್ಮೂರುಗಳ ಕರೆಂಟೇ ಒಳ್ಳೆಯ ಉದಾಹರಣೆ. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು, ಎರಡು ಗಂಟೆಗೆ ಬಂತು. ಆಗ ದೀಪ ಏನು ಮಾಡಬೇಕು? ಸಾಮಾನ್ಯ ಬಲ್ಬಿಗೆ ಈ ಪ್ರಶ್ನೆಯೇ ಇಲ್ಲ, ಗೋಡೆಯ ಸ್ವಿಚ್ಚು ಆಫ್ ಇದ್ದರೆ ಅದೂ ಆಫ್. ಸ್ಮಾರ್ಟ್ ಬಲ್ಬಿನ ಗೋಡೆ ಸ್ವಿಚ್ಚು ಯಾವಾಗಲೂ ಆನ್ ಇರುತ್ತದೆ. ಹಾಗಾಗಿ ಕರೆಂಟು ಬಂದ ಕೂಡಲೇ ಮಲಗುವ ಕೋಣೆಯ ದೀಪಗಳೆಲ್ಲ ಝಗ್ಗೆಂದು ಹೊತ್ತಿ ಮಗು ಎದ್ದು ಅಳುವ ಮನೆಗಳಿವೆ. ಇದಕ್ಕೆಂದೇ ಮ್ಯಾಟರಿನಲ್ಲಿ ಒಂದು ಸೌಲಭ್ಯವಿದೆ. ಕರೆಂಟು ಮರಳಿದಾಗ ಆರಿರಬೇಕೋ, ಹೊತ್ತಬೇಕೋ, ಹೋಗುವ ಮೊದಲು ಹೇಗಿತ್ತೋ ಹಾಗೇ ಇರಬೇಕೋ ಎಂದು ಹೇಳಿಡಬಹುದು. ಕರೆಂಟು ಹೋಗದ ಊರಲ್ಲಿ ಕೂತು ವಿನ್ಯಾಸ ಮಾಡಿದವರಿಗೆ ಇದು ಕೊನೆಗೆ ಹೊಳೆಯುವ ಸಂಗತಿ. ನಮ್ಮ ಎಂಜಿನಿಯರುಗಳಿಗೆ ಮೊದಲ ದಿನವೇ ಹೊಳೆಯಬೇಕು.

ಗೋಡೆಯ ಸ್ವಿಚ್ಚಿನ ಮಾತು ಬಂತಲ್ಲ, ಅದರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಥ್ರೆಡ್, ಜಿಗ್‌ಬೀ ಎಂಬ ರೇಡಿಯೊ ಪದ್ಧತಿಗಳಲ್ಲಿ ಸಾಧನಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಕರೆಂಟಿನಿಂದ ನಡೆಯುವ ದೀಪಗಳು ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುತ್ತವೆ, ಬ್ಯಾಟರಿಯವು ಹೆಚ್ಚು ಹೊತ್ತು ನಿದ್ದೆ ಮಾಡಿ ಆಗಾಗ ಎದ್ದು ಮಾತಾಡುತ್ತವೆ. ಹಜಾರದ ದೀಪವನ್ನು ಯಾರೋ ಅಭ್ಯಾಸಬಲದಿಂದ ಗೋಡೆಯಲ್ಲೇ ಆಫ್ ಮಾಡಿದರೆ ದೀಪವಷ್ಟೇ ಆರುವುದಿಲ್ಲ, ಅದರ ಮೂಲಕ ಮಾತಾಡುತ್ತಿದ್ದ ಹಿತ್ತಿಲ ಬಾಗಿಲಿನ ಸೆನ್ಸರು ಬೇರೆ ದಾರಿ ಹುಡುಕಿಕೊಳ್ಳಬೇಕು, ದಾರಿಯಿಲ್ಲದಿದ್ದರೆ ದಿಕ್ಕುತಪ್ಪುತ್ತದೆ. ಹಾಗೆಂದು ಸ್ವಿಚ್ಚು ಮುಟ್ಟಬೇಡಿ ಎಂದು ಮನೆಯವರಿಗೆ ತಾಕೀತು ಮಾಡುವುದು ಸರಿಯಲ್ಲ. ಐವತ್ತು ವರ್ಷದಿಂದ ಕತ್ತಲಲ್ಲೂ ಕೈ ಹೋಗುವ ಜಾಗ ಅದು. ನೆಂಟರಿಗೆ ಗೊತ್ತು, ಕೆಲಸದವರಿಗೆ ಗೊತ್ತು, ಮೂರು ವರ್ಷದ ಮಗುವಿಗೂ ಗೊತ್ತು. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಒಬ್ಬರು ಇದಕ್ಕೆ ಸರಿಯಾದ ಪರಿಹಾರ ಹೇಳಿದರು. ‘ಬುದ್ಧೀನ ಬಲ್ಬಲ್ಲಿ ಇಡಬೇಡಿ ಸಾರ್, ಸ್ವಿಚ್ ಬೋರ್ಡಿನ ಹಿಂದೆ ಇಡಿ. ಗುಂಡಿ ಒತ್ತಿದ್ರೂ ನಡೀಬೇಕು, ಫೋನಲ್ಲಿ ಹೇಳಿದ್ರೂ ನಡೀಬೇಕು.’ ಬೋರ್ಡಿನ ಹಿಂದೆ ಕೂರಿಸುವ ಪುಟ್ಟ ರಿಲೇ ಮಾಡ್ಯೂಲುಗಳು ಅಂಗಡಿಯಲ್ಲಿ ಸಿಗುತ್ತವೆ. ಕೈಗೆ ಸಿಗುವ ಗುಂಡಿಯನ್ನು ಉಳಿಸಿಕೊಂಡೇ ಹೊಸದನ್ನು ತರಬೇಕೆಂಬ ಅವರ ಮಾತಿನಲ್ಲಿ ಒಂದು ಪುಸ್ತಕದಷ್ಟು ವಿನ್ಯಾಸಶಾಸ್ತ್ರವಿದೆ.

ಎಲ್ಲಿ ಬುದ್ಧಿ ಇಡಬೇಕು ಎಂಬ ಈ ಪ್ರಶ್ನೆಗೆ ಹಿರಿಯೂರಿನ ಕಡೆ ತೋಟ ಮಾಡಿರುವ ನಮ್ಮ ಚಿಕ್ಕಪ್ಪನ ಬೋರಿನ ಮನೆಯಲ್ಲೂ ಒಂದು ಉತ್ತರವಿದೆ. ತ್ರೀ ಫೇಸ್ ಕರೆಂಟು ಹಳ್ಳಿಗೆ ಬರುವುದು ಎಣಿಸಿದಷ್ಟು ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಮೊದಲೆಲ್ಲ ಟಾರ್ಚು ಹಿಡಿದು ಹಾವು ಹುಳದ ಭಯದಲ್ಲಿ ತೋಟಕ್ಕೆ ಹೋಗಿ ಮೋಟರು ಹಾಕಬೇಕಾಗಿತ್ತು. ಈಗ ಸ್ಟಾರ್ಟರಿನ ಪಕ್ಕದಲ್ಲಿ ಸಿಮ್ ಹಾಕಿದ ಒಂದು ಪೆಟ್ಟಿಗೆ ಇದೆ, ರೈತರು ಅದನ್ನು ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ಮನೆಯಿಂದಲೇ ಫೋನು ಮಾಡಿದರೆ ಮೋಟರು ಓಡುತ್ತದೆ. ‘ನೋಡಪ್ಪ, ನಾನು ಫೋನ್ ಮಾಡಿ ಆನ್ ಮಾಡ್ತೀನಿ, ಅಷ್ಟೇ ನನ್ನ ಕೆಲಸ. ನೀರು ನಿಂತ್ರೆ, ಫೇಸ್ ಹೋದ್ರೆ ಅದು ನನ್ನ ಕೇಳೋದಿಲ್ಲ, ತಾನೇ ಆಫ್ ಆಗುತ್ತೆ’ ಎಂದು ಚಿಕ್ಕಪ್ಪ ವಿವರಿಸಿದರು. ಬೋರಿನಲ್ಲಿ ನೀರು ಮುಗಿದರೆ ಮೋಟರಿಗೆ ಭಾರ ಕಡಿಮೆಯಾಗುತ್ತದೆ, ಅದು ಎಳೆಯುವ ಕರೆಂಟು ಇಳಿಯುತ್ತದೆ, ಪೆಟ್ಟಿಗೆ ಅದನ್ನು ಕಂಡು ಮೋಟರು ಕಡಿಯುತ್ತದೆ. ಆ ಹೊತ್ತಿಗೆ ಟವರಿನ ಸಿಗ್ನಲ್ ಇರಲಿ ಬಿಡಲಿ, ಮೋಟರು ಸುಡುವುದಿಲ್ಲ. ಅಪ್ಪಣೆ ದೂರದಿಂದ ಬರಬಹುದು, ಕಾಪಾಡುವ ತೀರ್ಮಾನ ಮಾತ್ರ ಯಂತ್ರದ ಪಕ್ಕದಲ್ಲೇ ಇರಬೇಕು. ದೊಡ್ಡ ಕಂಪನಿಗಳ ವಿನ್ಯಾಸಕರು ಚಪ್ಪಲಿ ಬಿಟ್ಟು ಈ ಬೋರಿನ ಮನೆಗೆ ಬಂದು ನೋಡಬೇಕೆಂದು ನನ್ನ ಆಸೆ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಗಳಿವೆ. ಅಮೆರಿಕದಲ್ಲಿ ಮನೆಯ ಸಾಧನಗಳನ್ನು ಕೂಡಿಸುವ ರಿವಾಲ್ವ್ ಎಂಬ ಹಬ್ ಇತ್ತು, ಬೆಲೆ ಸುಮಾರು 300 ಡಾಲರ್. 2014ರಲ್ಲಿ ನೆಸ್ಟ್ ಕಂಪನಿ ಅದನ್ನು ಕೊಂಡಿತು. 2016ರ ಮೇ 15ರಂದು ಅದರ ಸರ್ವರನ್ನು ನಿಲ್ಲಿಸಲಾಯಿತು. ಅಂದಿನಿಂದ ಮನೆಗಳಲ್ಲಿದ್ದ ಆ ಪೆಟ್ಟಿಗೆಗಳು ಸುಸ್ಥಿತಿಯಲ್ಲಿದ್ದೂ ನಿರುಪಯೋಗಿಯಾದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಹಳೆಯ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತವು, ಕೊನೆಗೆ ಅದರ ಬಳಕೆದಾರರಲ್ಲೇ ಕೆಲವರು ಕೂಡಿ ಅದನ್ನು ಕೊಂಡು ಮತ್ತೆ ನಡೆಸಬೇಕಾಯಿತು. ಹಣ ಕೊಟ್ಟು ಕೊಂಡ ವಸ್ತುವಿನ ಆಯಸ್ಸು ಕಂಪನಿಯ ಆಯಸ್ಸಿಗೆ ಕಟ್ಟಿಹಾಕಿಕೊಂಡಿರುವುದು ನ್ಯಾಯವಲ್ಲ. ಬೀಗದ ಕಡೆಗೆ ಗಮನ ಕೊಡದಿದ್ದರೆ ಇನ್ನೊಂದು ಅಪಾಯ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿ ಎಷ್ಟೋ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಕಾರಣ ಮಿರಾಯ್ ಎಂಬ ದುಷ್ಟ ತಂತ್ರಾಂಶ. ಅದು ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ವಿಡಿಯೊ ರೆಕಾರ್ಡರುಗಳನ್ನು ಹುಡುಕಿ ವಶಪಡಿಸಿಕೊಂಡು ದಾಳಿಗೆ ಬಳಸಿತ್ತು. ಗೇಟು ಕಾಯಲೆಂದು ಕೊಂಡ ಕ್ಯಾಮೆರಾ ಹೀಗೆ ಅಪರಿಚಿತರ ಸೈನ್ಯಕ್ಕೆ ಸೇರಿಹೋಗುವಂಥದ್ದು.

ಒಳ್ಳೆಯ ಸುದ್ದಿಯೂ ಇದೆ. 2013ರಲ್ಲಿ ಪೌಲಸ್ ಸ್ಖೌಟ್ಸೆನ್ ಎಂಬವರು ತಮ್ಮ ಮನೆಯ ದೀಪಗಳಿಗಾಗಿ ಪೈಥಾನ್ ಭಾಷೆಯಲ್ಲಿ ಬರೆಯಲು ಶುರುಮಾಡಿದ ಹೋಮ್ ಅಸಿಸ್ಟೆಂಟ್ ಇವತ್ತು ಲೋಕದ ಮೂಲೆಮೂಲೆಯ ಹವ್ಯಾಸಿಗಳು ಕೂಡಿ ಬೆಳೆಸುತ್ತಿರುವ ಮುಕ್ತ ತಂತ್ರಾಂಶ. ಒಂದು ರಾಸ್ಪ್‌ಬೆರಿ ಪೈ ಅಥವಾ ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರ್ ಇದ್ದರೆ ಅದರಲ್ಲಿ ಹಾಕಬಹುದು. ಎಂಕ್ಯೂಟಿಟಿ, ಜಿಗ್‌ಬೀ, ಮ್ಯಾಟರ್ ಎಲ್ಲವನ್ನೂ ಮನೆಯ ಒಳಗೇ ಕೂಡಿಸುತ್ತದೆ. 2024ರಲ್ಲಿ ಅದನ್ನು ಓಪನ್ ಹೋಮ್ ಫೌಂಡೇಶನ್ ಎಂಬ ಲಾಭೇತರ ಸಂಸ್ಥೆಗೆ ಒಪ್ಪಿಸಿದರು. ಕಂಪನಿಗಳು ಬೇಲಿ ಹಾಕಿದಲ್ಲೆಲ್ಲ ಇವರು ಒಂದೊಂದು ಗೇಟು ಇಟ್ಟಿದ್ದಾರೆ. ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆಂದು ಮತ್ತೊಂದು ಹೊಸ ಆ್ಯಪ್ ಬರೆಯುವ ಬದಲು ಇಂಥ ಕಡೆ ಕೈಜೋಡಿಸಿದರೆ ಕಲಿಕೆಯೂ ಆಯಿತು, ಊರಿಗೆ ಉಪಕಾರವೂ ಆಯಿತು.

ಒಪ್ಪಂದ ನಮ್ಮಲ್ಲಿ ಸಾಧ್ಯವಿಲ್ಲ ಎನ್ನುವವರಿಗೆ ಮನೆಯ ಹೊರಗೋಡೆಯ ಕರೆಂಟ್ ಮೀಟರನ್ನು ತೋರಿಸಬೇಕು. ಡಿಎಲ್‌ಎಂಎಸ್ ಎಂಬ ಅಂತರರಾಷ್ಟ್ರೀಯ ಪದ್ಧತಿಯನ್ನು ನಮ್ಮ ದೇಶಕ್ಕೆ ಹೊಂದಿಸಿ ಭಾರತೀಯ ಮಾನಕ ಐಎಸ್ 15959 ಅನ್ನು 2011ರಲ್ಲಿ ತಂದರು. ಅದರಂತೆ ಮೀಟರು ಮಾಡಿದವರು ಯಾರೇ ಆಗಲಿ, ಒಟ್ಟು ಯೂನಿಟ್ಟಿನ ಅಂಕಿ 1.0.1.8.0.255 ಎಂಬ ಒಂದೇ ವಿಳಾಸದಲ್ಲಿ ಸಿಗಬೇಕು. ಓದುವ ಸಾಫ್ಟ್‌ವೇರ್ ಮೀಟರಿನ ಕಂಪನಿಯ ಹೆಸರು ಕೇಳಬೇಕಾಗಿಲ್ಲ. ಇದು ಸಾಧ್ಯವಾದದ್ದು ಕೊಳ್ಳುವವರು ಗಟ್ಟಿಯಾಗಿ ಕೇಳಿದ್ದರಿಂದ: ಈ ಮಾನಕ ಪಾಲಿಸಿದರಷ್ಟೇ ಮೀಟರು ತೆಗೆದುಕೊಳ್ಳುತ್ತೇವೆ ಎಂದರು, ಮಾರುವವರು ಪಾಲಿಸಿದರು.

ನಾವೂ ಹಾಗೆ ಕೇಳಬೇಕು. ಮುಂದಿನ ಸಲ ಅಂಗಡಿಯಲ್ಲಿ ಸ್ಮಾರ್ಟ್ ಎಂದು ಬರೆದಿರುವ ಏನನ್ನಾದರೂ ಕೈಗೆತ್ತಿಕೊಂಡಾಗ ಬೆಲೆಯ ಮಾತಿಗಿಂತ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ. ಇಂಟರ್ನೆಟ್ ಇಲ್ಲದಾಗ ಇದು ನಡೆಯುತ್ತದೆಯೇ? ಬೇರೆ ಕಂಪನಿಯ ವಸ್ತುಗಳೊಂದಿಗೆ ಸೇರುತ್ತದೆಯೇ, ಪೆಟ್ಟಿಗೆಯ ಮೇಲೆ ಮ್ಯಾಟರಿನಂಥ ತೆರೆದ ಮಾನಕದ ಗುರುತಿದೆಯೇ? ಕರೆಂಟು ಹೋಗಿ ಬಂದರೆ ಏನು ಮಾಡುತ್ತದೆ? ಕಂಪನಿ ಬಾಗಿಲು ಹಾಕಿದರೆ ಇದರ ಗತಿಯೇನು? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಇಬ್ಬರು ಮೂವರು ಕೇಳಿದರೆ ಅವರು ಡೀಲರನ್ನು ಕೇಳುತ್ತಾರೆ, ಡೀಲರು ಕಂಪನಿಯನ್ನು ಕೇಳುತ್ತಾನೆ. ಬೆಂಗಳೂರಿನ ಕಚೇರಿಗಳಲ್ಲಿ ಕೂತು ಇಂಥ ಸಾಧನಗಳಿಗೆ ಸಾಫ್ಟ್‌ವೇರ್ ಬರೆಯುತ್ತಿರುವ ನಮ್ಮವರು ಸಾಕಷ್ಟಿದ್ದಾರೆ. ಪ್ರಶ್ನೆ ಕೊನೆಗೆ ಅವರ ಮೇಜಿಗೇ ಬರುತ್ತದೆ, ಉತ್ತರವನ್ನು ಅವರು ಈಗಲೇ ಬರೆಯಲು ಶುರುಮಾಡಲಿ.